ಡರ್ಟ್ ಬೈಕಿನ ಹಿಂದಿನ ಶಾಕ್: ಮನೆಯಲ್ಲೇ ದೋಷ ಹುಡುಕಿ ಸೆಟ್ ಮಾಡುವುದು

"ಶಾಕ್ ಹೋಗಿದೆ" ಅಂತ ಗ್ಯಾರೇಜಿಗೆ ಬರುವ ಬೈಕುಗಳಲ್ಲಿ ಎಷ್ಟೋ ಬೈಕುಗಳ ಶಾಕ್ ಚೆನ್ನಾಗಿಯೇ ಇರುತ್ತದೆ. ಚೈನ್ ಬಿಗಿಯಾಗಿರುತ್ತದೆ, ಲಿಂಕೇಜ್ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಜೋಡಿಸುವ ಕೀಲು) ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ, ಹೈವೇಗೆ ಅಂತ ತುಂಬಿಸಿದ ಗಾಳಿ ಟಯರಿನಲ್ಲಿ ಹಾಗೇ ಇರುತ್ತದೆ, ಇಲ್ಲದಿದ್ದರೆ ಸ್ಪ್ರಿಂಗ್ ಓಡಿಸುವವರ ತೂಕಕ್ಕೆ ಹೊಂದಿರುವುದಿಲ್ಲ. ಇಷ್ಟನ್ನೂ ನೋಡದೆ ಕ್ಲಿಕ್ಕರ್, ಅಂದರೆ ಶಾಕಿನ ಸೆಟ್ಟಿಂಗ್ ಸ್ಕ್ರೂ, ತಿರುಗಿಸಿದರೆ ಒಂದು ತೊಂದರೆ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಯಾವುದರಿಂದ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಇಲ್ಲಿ ನೀವು ಓಡಿಸುವಾಗ ಗಮನಿಸುವ ಲಕ್ಷಣಗಳಿಂದಲೇ ಶುರು ಮಾಡುತ್ತೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ.

ಇದು ಕೆಎಕ್ಸ್, ವೈಝಡ್, ಕೆಟಿಎಂ ಎಸ್‌ಎಕ್ಸ್ ತರಹದ ಅಪ್ಪಟ ಮೋಟೋಕ್ರಾಸ್ ಬೈಕಿಗೂ ಆಗುತ್ತದೆ, ಎಕ್ಸ್‌ಪಲ್ಸ್ ಅಥವಾ ಹಿಮಾಲಯನ್ ತೆಗೆದುಕೊಂಡು ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಹಾದಿಗೆ ಇಳಿಯುವವರಿಗೂ ಆಗುತ್ತದೆ. ಅಳತೆ ಮಾತ್ರ ಬೇರೆ ಬೇರೆ. ಮೋಟೋಕ್ರಾಸ್ ಬೈಕಿನ ಹಿಂದಿನ ಚಕ್ರ ಸುಮಾರು 300 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಮಾಮೂಲಿ ಎಕ್ಸ್‌ಪಲ್ಸ್ 200ರಲ್ಲಿ ಇದು 170, ಎಕ್ಸ್‌ಪಲ್ಸ್ 200 4ವಿ ಪ್ರೊದಲ್ಲಿ 220, ಹಿಮಾಲಯನ್ 411ರಲ್ಲಿ 180. ನಿಮ್ಮ ಬೈಕಿನ ಟ್ರಾವೆಲ್, ಅಂದರೆ ಈ ಓಡಾಟ, ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಬೇಕಾದ ಸಾಮಾನು ಕಡಿಮೆ. ಅಳತೆ ಟೇಪು, ಟಯರ್ ಗಾಳಿ ನೋಡುವ ಗೇಜು, ಚಪ್ಪಟೆ ಸ್ಕ್ರೂಡ್ರೈವರ್, ಶಾಕಿನ ರಿಂಗಿಗೆ ಹೊಂದುವ ಸಿ ಸ್ಪಾನರ್, ಹಳೆಯ ಟೂತ್ ಬ್ರಷ್, ಮಾಸ್ಕಿಂಗ್ ಟೇಪ್, ಒಂದು ನೋಟ್‌ಬುಕ್. ಜೊತೆಗೆ ಇಬ್ಬರು ಬೇಕು, ಒಬ್ಬರು ಬೈಕ್ ಹಿಡಿಯಲು, ಇನ್ನೊಬ್ಬರು ಅಳೆಯಲು.

ಕೈ ಹಾಕುವ ಮೊದಲು

ಶಾಕಿನ ಒಳಗೆ ಎಣ್ಣೆಯ ಜೊತೆ ನೈಟ್ರೋಜನ್ ಗ್ಯಾಸ್ ಇರುತ್ತದೆ. ಮೋಟೋಕ್ರಾಸ್ ಶಾಕ್‌ಗಳಲ್ಲಿ ಅದರ ಒತ್ತಡ ಸಾಮಾನ್ಯವಾಗಿ 10 ಬಾರ್ ಆಸುಪಾಸು, ಅಂದರೆ ಸುಮಾರು 145 ಪಿಎಸ್‌ಐ. ಪಕ್ಕದ ಸಣ್ಣ ಡಬ್ಬಿಯಲ್ಲಿ ಟಯರಿಗೆ ಇರುವಂಥ ವಾಲ್ವೋ ಒಂದು ಸ್ಕ್ರೂವೋ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಟಯರ್ ಗೇಜು ಇಟ್ಟು "ಎಷ್ಟಿದೆ ನೋಡೋಣ" ಅಂದರೂ ಇದ್ದ ಗ್ಯಾಸ್ ಗೇಜಿಗೇ ಹೋಗಿಬಿಡುತ್ತದೆ, ಯಾಕೆಂದರೆ ಒಳಗಿನ ಜಾಗ ತುಂಬಾ ಚಿಕ್ಕದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ತುಂಬಿಸುವುದಂತೂ ಬೇಡವೇ ಬೇಡ. ಶಾಕಿಗೆ ವೆಲ್ಡಿಂಗ್, ಡ್ರಿಲ್ಲಿಂಗ್, ಬೆಂಕಿ ಯಾವುದೂ ಹತ್ತಿರ ಬರಬಾರದು. ಹಳೆಯ ಶಾಕನ್ನು ಗುಜರಿಗೆ ಹಾಕುವಾಗಲೂ ಗ್ಯಾಸ್ ತೆಗೆಸಿಯೇ ಹಾಕಿ.

ಇನ್ನು ಬೈಕ್ ಎತ್ತಿ ನಿಲ್ಲಿಸುವ ವಿಷಯ. ಡರ್ಟ್ ಬೈಕ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಹಿಮಾಲಯನ್ 411ಕ್ಕೆ ಸೆಂಟರ್ ಸ್ಟ್ಯಾಂಡ್ ಇದೆ. ಎರಡೂ ಇಲ್ಲದವರು ಗಟ್ಟಿ ಮರದ ದಿಮ್ಮಿಯನ್ನು ಫ್ರೇಮಿನ ಕೆಳಗಿನ ಪೈಪಿಗೆ ಇಲ್ಲವೇ ಬ್ಯಾಶ್ ಪ್ಲೇಟಿಗೆ (ಇಂಜಿನ್ ಕೆಳಗಿನ ರಕ್ಷಣೆಯ ತಗಡು) ಕೊಟ್ಟು ಎತ್ತಿ. ಸೈಲೆನ್ಸರ್ ಪೈಪಿನ ಮೇಲೆ ಭಾರ ಬೀಳಬಾರದು. ಎತ್ತಿದ ಬೈಕನ್ನು ಒಬ್ಬರು ಹಿಡಿದೇ ಇರಬೇಕು. ಲಿಂಕೇಜ್ ಹತ್ತಿರ ಬೆರಳು ಇಟ್ಟಿದ್ದಾಗ ಯಾರೂ ಸೀಟನ್ನು ಒತ್ತಬಾರದು. ಓಡಿಸಿ ಬಂದ ಕೂಡಲೇ ಶಾಕ್ ಮುಟ್ಟಿದರೆ ಕೈ ಸುಡುತ್ತದೆ, ಅದೂ ನೆನಪಿರಲಿ.

"ಹಿಂದೆ ಕಲ್ಲಿನ ಹಾಗೆ ಗಟ್ಟಿ, ಸಣ್ಣ ಉಬ್ಬೂ ಬೆನ್ನಿಗೆ ತಾಗುತ್ತದೆ"

ಮೊದಲು ಟಯರ್ ಗಾಳಿ. ಟ್ಯೂಬ್ ಇರುವ ಮೋಟೋಕ್ರಾಸ್ ಟಯರಿಗೆ ಮಣ್ಣಿನಲ್ಲಿ 12ರಿಂದ 15 ಪಿಎಸ್‌ಐ ಸಾಕು. ಎಕ್ಸ್‌ಪಲ್ಸ್, ಹಿಮಾಲಯನ್ ತರಹದ ಭಾರದ ಬೈಕಿಗೆ ಅಷ್ಟು ಇಳಿಸಬೇಡಿ, ರಿಮ್ ಬಡಿಯುತ್ತದೆ, ಟ್ಯೂಬ್ ಸಿಕ್ಕಿಕೊಂಡು ಪಂಕ್ಚರ್ ಆಗುತ್ತದೆ. 20–22ರಿಂದ ಶುರು ಮಾಡಿ ನೋಡಿ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ. ರಸ್ತೆಯ ಗಾಳಿಯಲ್ಲೇ ಕಲ್ಲಿನ ಹಾದಿಗೆ ಇಳಿದರೆ ಎಂಥ ಶಾಕ್ ಇದ್ದರೂ ಗಟ್ಟಿಯಾಗಿಯೇ ಅನಿಸುತ್ತದೆ.

ಎರಡನೆಯದು ಚೈನ್. ಇದನ್ನು ಯಾರೂ ಶಾಕಿನ ಜೊತೆ ಸೇರಿಸಿ ಯೋಚಿಸುವುದಿಲ್ಲ. ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್, ಮೇಲೆ ಏಳುತ್ತಾ ಹೋದ ಹಾಗೆ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಪಿವಟ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಒಂದು ಜಾಗ ಇದೆ. ಆ ಜಾಗದಲ್ಲಿ ಚೈನ್ ಅತಿ ಬಿಗಿ. ಬೈಕ್ ಸ್ಟ್ಯಾಂಡ್ ಮೇಲೆ ಇದ್ದಾಗ "ಚೈನ್ ಚೆನ್ನಾಗಿ ಟೈಟ್ ಇದೆ" ಅಂತ ಖುಷಿಪಟ್ಟರೆ, ಓಡಿಸುವಾಗ ಆ ಗೆರೆಗೆ ಬರುವ ಮೊದಲೇ ಚೈನ್ ಎಳೆದು ನಿಂತುಬಿಡುತ್ತದೆ, ಶಾಕ್ ಮುಂದೆ ಹೋಗುವುದೇ ಇಲ್ಲ. ಜೊತೆಗೆ ಗೇರ್‌ಬಾಕ್ಸಿನ ಬೇರಿಂಗಿಗೂ ಪೆಟ್ಟು. ಮ್ಯಾನ್ಯುಯಲ್ ಹೇಳಿದಷ್ಟು ಸಡಿಲ ಇಡಿ. ಡರ್ಟ್ ಬೈಕಿಗೆ ಅದು ರಸ್ತೆ ಬೈಕಿಗಿಂತ ಜಾಸ್ತಿ ಸಡಿಲ ಅನಿಸುತ್ತದೆ, ಅದೇ ಸರಿ.

ಇವೆರಡೂ ಸರಿ ಇದ್ದರೆ ಲಿಂಕೇಜ್ ಹಿಡಿದುಕೊಂಡಿದೆಯಾ ಅಂತ ನೋಡಬೇಕು. ಬೈಕಿನ ಕೆಳಗೆ ಬಗ್ಗಿದರೆ ಸ್ವಿಂಗ್‌ಆರ್ಮಿಗೂ ಶಾಕಿನ ಕೆಳ ತುದಿಗೂ ನಡುವೆ ಸಣ್ಣ ತೋಳುಗಳು ಕಾಣುತ್ತವೆ. ಕೆಟಿಎಂ ಇಎಕ್ಸ್‌ಸಿ ತರಹದ ಕೆಲವು ಬೈಕುಗಳಲ್ಲಿ ಇವು ಇರುವುದಿಲ್ಲ, ಶಾಕ್ ನೇರ ಸ್ವಿಂಗ್‌ಆರ್ಮಿಗೇ ಕೂತಿರುತ್ತದೆ. ಲಿಂಕೇಜ್ ಇರುವವರು ಈ ಪರೀಕ್ಷೆ ಮಾಡಿ: ಬೈಕ್ ನೆಲದ ಮೇಲೆ ನೇರ ನಿಂತಿರಲಿ. ಸೀಟನ್ನು ಕೆಳಗೆ ಒತ್ತಿ, ನಿಧಾನವಾಗಿ ಬಿಡುತ್ತಾ ಬನ್ನಿ, ಅದು ನಿಂತಲ್ಲಿ ಆಕ್ಸಲ್‌ನಿಂದ ಮಡ್‌ಗಾರ್ಡ್‌ವರೆಗೆ ಅಳೆಯಿರಿ. ಆಮೇಲೆ ಹಿಂಬದಿಯನ್ನು ಮೇಲಕ್ಕೆ ಎತ್ತಿ ಹಾಗೇ ನಿಧಾನವಾಗಿ ಬಿಡಿ, ಮತ್ತೆ ಅಳೆಯಿರಿ. ಎರಡು ಅಳತೆಯ ನಡುವೆ ಕೆಲವು ಮಿಲಿಮೀಟರ್ ಫರಕು ಸಹಜ. 10 ಮಿಲಿಮೀಟರ್ ದಾಟಿದರೆ ಎಲ್ಲೋ ಏನೋ ಹಿಡಿಯುತ್ತಿದೆ ಅಂತ ಅರ್ಥ. ನಮ್ಮ ಕಡೆ ಹತ್ತರಲ್ಲಿ ಎಂಟು ಸಲ ಅದು ಲಿಂಕೇಜ್ ಬೇರಿಂಗೇ ಅಂತ ಧೈರ್ಯವಾಗಿ ಊಹಿಸಬಹುದು, ಕಾರಣ ಮಲೆನಾಡಿನ ಮಳೆ, ಕೆಸರು, ಆಮೇಲೆ ವಾಟರ್ ಸರ್ವಿಸ್. ಆ ಜೋರು ನೀರಿನ ಪೈಪನ್ನು ಲಿಂಕೇಜ್ ಮೇಲೆ ನೇರ ಹಿಡಿದರೆ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ.

ಈ ಮೂರೂ ಸರಿ ಇದ್ದು ಇನ್ನೂ ಗಟ್ಟಿ ಅನಿಸಿದರೆ ಮುಂದೆ ಬರುವ ಸ್ಯಾಗ್ (ಭಾರಕ್ಕೆ ಹಿಂಬದಿ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) ಭಾಗಕ್ಕೆ ಹೋಗಿ. ಕಂಪ್ರೆಷನ್ ಕ್ಲಿಕ್ಕರ್ ಈಗಲೇ ಬೇಡ.

"ಕಟ್ ಕಟ್ ಅನ್ನುತ್ತದೆ" ಅಥವಾ "ಕಿರ್ರ್ ಅನ್ನುತ್ತದೆ"

ಕಿರ್ರ್ ಅಂದರೆ ಗ್ರೀಸ್ ಒಣಗಿದೆ. ಕಟ್ ಅಂದರೆ ಸವೆದಿದೆ ಅಥವಾ ಬೋಲ್ಟ್ ಸಡಿಲ ಆಗಿದೆ. ಎರಡನೆಯದನ್ನು ತಳ್ಳಿಹಾಕಬೇಡಿ.

ಹಿಂದಿನ ಚಕ್ರ ನೆಲ ಬಿಟ್ಟಿರುವ ಹಾಗೆ ಬೈಕ್ ಎತ್ತಿ. ಚಕ್ರವನ್ನು ಕೆಳಗಿನಿಂದ ಎರಡು ಬೆರಳಲ್ಲಿ ಎತ್ತುವಷ್ಟೇ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಶಾಕ್ ಕದಲುವ ಮೊದಲೇ ಸಣ್ಣ ಆಟ ಸಿಕ್ಕಿ ಟಕ್ ಅಂದರೆ ಲಿಂಕೇಜ್ ಬೇರಿಂಗ್ ಅಥವಾ ಶಾಕಿನ ಮೇಲಿನ, ಕೆಳಗಿನ ಬುಷ್ ಸವೆದಿದೆ. ಯಾವುದು ಅಂತ ತಿಳಿಯಲು ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳು ಹೊರಗಿನಿಂದ ಇಟ್ಟು ನೋಡಲಿ, ಆಟ ಇರುವ ಜಾಗ ಬೆರಳಿಗೆ ತಿಳಿಯುತ್ತದೆ. ಆಮೇಲೆ ಸ್ವಿಂಗ್‌ಆರ್ಮಿನ ಹಿಂದಿನ ತುದಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಅಲ್ಲಿ ಆಟ ಇದ್ದರೆ ಪಿವಟ್ ಬೇರಿಂಗ್. ಸ್ವಿಂಗ್‌ಆರ್ಮ್ ಗಟ್ಟಿಯಾಗಿದ್ದು ಚಕ್ರ ಮಾತ್ರ ಅಲುಗಿದರೆ ವೀಲ್ ಬೇರಿಂಗ್, ಅದು ಕಡಿಮೆ ಖರ್ಚಿನ ಕೆಲಸ.

ಎಲ್ಲ ಬೋಲ್ಟುಗಳನ್ನೂ ಒಮ್ಮೆ ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ನೋಡಿಬಿಡಿ. ಶಾಕಿನ ಬೋಲ್ಟ್ ಅಥವಾ ಲಿಂಕೇಜ್ ಬೋಲ್ಟ್ ಬಾಗಿದ್ದರೆ, ನಟ್ ಕೂರುವ ಜಾಗದ ಸುತ್ತ ಫ್ರೇಮಿನಲ್ಲಿ ಸೀಳು ಕಂಡರೆ ಬೈಕ್ ಓಡಿಸಬೇಡಿ. ಸೀಳಿನ ಸುಳಿವು ಸುಲಭ: ಬಣ್ಣದ ಮೇಲೆ ಕೂದಲೆಳೆಯ ಗೆರೆ, ಅದರ ಉದ್ದಕ್ಕೂ ತುಕ್ಕಿನ ಕಂದು.

ಕೈ ಪಳಗಿದವರು ಇನ್ನೊಂದು ಹೆಜ್ಜೆ ಹೋಗಬಹುದು. ಬೈಕನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಚಕ್ರದ ಕೆಳಗೆ ಮರದ ತುಂಡು ಕೊಟ್ಟು, ಶಾಕಿನ ಕೆಳಗಿನ ಬೋಲ್ಟ್ ತೆಗೆದು ಸ್ವಿಂಗ್‌ಆರ್ಮ್ ಒಂದನ್ನೇ ಎತ್ತಿ ಇಳಿಸಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ನುಣ್ಣಗೆ ಓಡಬೇಕು. ಎಲ್ಲಾದರೂ ತಡೆದರೆ, ಗರಗರ ಅಂದರೆ, ದೋಷ ಶಾಕಿನಲ್ಲಿ ಇಲ್ಲ, ಬೇರಿಂಗಿನಲ್ಲಿದೆ. ಲಿಂಕೇಜ್ ಬಿಚ್ಚಿ ಗ್ರೀಸ್ ಹಾಕುವುದಾದರೆ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗಿನ ಸೂಜಿಯಂಥ ರೋಲರ್‌ಗಳು ಉದುರುತ್ತವೆ, ಕೆಳಗೆ ಬಟ್ಟೆ ಹಾಸಿ. ನೀರಿಗೆ ಕರಗದ ಗ್ರೀಸೇ ಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಮಾಡಿದರೆ ಬೇರಿಂಗ್ ವರ್ಷಗಟ್ಟಲೆ ಬಾಳುತ್ತದೆ.

"ತಿರುವಿನಲ್ಲಿ ಹೊರಗೆ ಹೋಗುತ್ತದೆ", "ನೇರ ಹೋಗುವಾಗ ಹ್ಯಾಂಡಲ್ ನಡುಗುತ್ತದೆ"

ಇವೆರಡೂ ಮುಂದಿನ ಚಕ್ರದ ದೂರು ಅನಿಸುತ್ತದೆ, ಅಲ್ವಾ? ಮೂಲ ಬಹಳ ಸಲ ಹಿಂದೆ ಇರುತ್ತದೆ. ಹಿಂಬದಿ ಜಾಸ್ತಿ ಕುಸಿದು ಕೂತರೆ ಮುಂದಿನ ಚಕ್ರ ಹಗುರ ಆಗುತ್ತದೆ, ತಿರುವಿನಲ್ಲಿ ಹಿಡಿತ ಸಿಗದೆ ಬೈಕ್ ಹೊರಗೆ ಜಾರುತ್ತದೆ. ಹಿಂಬದಿ ಎತ್ತರ ನಿಂತರೆ ಭಾರ ಮುಂದಕ್ಕೆ ಬೀಳುತ್ತದೆ, ತಿರುವು ಚುರುಕಾಗುತ್ತದೆ, ಆದರೆ ವೇಗದಲ್ಲಿ ಹ್ಯಾಂಡಲ್ ಅದುರುತ್ತದೆ, ಬ್ರೇಕ್ ಹಿಡಿದಾಗ ಹಿಂಬದಿ ಎದ್ದು ಅತ್ತಿತ್ತ ಆಡುತ್ತದೆ. ಇದನ್ನು ತೂಗಿ ನೋಡುವ ಅಳತೆಯೇ ಸ್ಯಾಗ್. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಅಳತೆ ಇಲ್ಲ, ಆದ್ದರಿಂದ ಆತುರ ಬೇಡ.

ಹಿಂದಿನ ಆಕ್ಸಲ್‌ನ ಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಥವಾ ಸೈಡ್ ಪ್ಯಾನಲ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದು ಗುರುತು ಹಾಕಿ. ಮೂರೂ ಅಳತೆ ಅದೇ ಗುರುತಿಗೇ ಇರಬೇಕು. ಪೆಟ್ರೋಲ್ ನೀವು ಸಾಮಾನ್ಯವಾಗಿ ಓಡಿಸುವಷ್ಟೇ ಇರಲಿ.

ಮೊದಲ ಅಳತೆ: ಬೈಕ್ ಎತ್ತಿ, ಹಿಂದಿನ ಚಕ್ರ ಪೂರ್ತಿ ಜೋತುಬಿದ್ದಿರುವಾಗ. ಎರಡನೆಯದು: ಬೈಕ್ ನೆಲದ ಮೇಲೆ ತನ್ನ ತೂಕದಲ್ಲೇ ನೇರ ನಿಂತಿರುವಾಗ, ಸೈಡ್ ಸ್ಟ್ಯಾಂಡ್ ಮೇಲೆ ಅಲ್ಲ. ಮೂರನೆಯದು: ನೀವು ಹೆಲ್ಮೆಟ್, ಬೂಟು, ಗಾರ್ಡು, ನೀರಿನ ಬ್ಯಾಗು ಎಲ್ಲ ಹಾಕಿಕೊಂಡು, ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು, ಓಡಿಸುವ ಭಂಗಿಯಲ್ಲಿ ಇರುವಾಗ. ಒಬ್ಬರು ಹ್ಯಾಂಡಲ್ ಮೆಲ್ಲಗೆ ಹಿಡಿದಿರಲಿ. ಎರಡು ಮೂರು ಸಲ ಕುಲುಕಿ ಕೂತ ಮೇಲೆ ಅಳೆಯಿರಿ. ಎರಡನೇ ಮತ್ತು ಮೂರನೇ ಅಳತೆಯಲ್ಲಿ ಮೊದಲು ಹೇಳಿದ ಒತ್ತಿ ಬಿಡುವ, ಎತ್ತಿ ಬಿಡುವ ಉಪಾಯ ಮಾಡಿ ಸರಾಸರಿ ತೆಗೆದುಕೊಂಡರೆ ಲೆಕ್ಕ ಇನ್ನೂ ಪಕ್ಕಾ.

ಉದಾಹರಣೆಗೆ ಜೋತುಬಿದ್ದಾಗ 612, ತನ್ನ ತೂಕದಲ್ಲಿ 577, ನೀವು ಹತ್ತಿದಾಗ 509 ಅಂತಿಟ್ಟುಕೊಳ್ಳಿ. 612ರಲ್ಲಿ 577 ಕಳೆದರೆ 35, ಇದು ಸ್ಟ್ಯಾಟಿಕ್ ಸ್ಯಾಗ್. 612ರಲ್ಲಿ 509 ಕಳೆದರೆ 103, ಇದು ರೈಡರ್ ಸ್ಯಾಗ್. ಸುಮಾರು 300 ಟ್ರಾವೆಲ್ ಇರುವ, ಲಿಂಕೇಜ್ ಇರುವ ಮೋಟೋಕ್ರಾಸ್ ಬೈಕಿಗೆ ರೈಡರ್ ಸ್ಯಾಗ್ 100ರಿಂದ 105, ಸ್ಟ್ಯಾಟಿಕ್ 30ರಿಂದ 40 ಒಳ್ಳೆಯ ಜಾಗ. ಬೇರೆ ಬೈಕಿನವರು ಟ್ರಾವೆಲಿನ ಮೂರನೇ ಒಂದು ಭಾಗ ಅಂತ ಹಿಡಿಯಿರಿ, ಸ್ಟ್ಯಾಟಿಕ್ ಹತ್ತನೇ ಒಂದು ಭಾಗದ ಸುತ್ತಮುತ್ತ. ಹಾಗಾದರೆ 170ರ ಎಕ್ಸ್‌ಪಲ್ಸಿಗೆ ರೈಡರ್ ಸ್ಯಾಗ್ 50ರಿಂದ 57, 220ರ ಪ್ರೊಗೆ 65ರಿಂದ 73. ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಲೆಕ್ಕ.

ಸ್ಯಾಗ್ ಬದಲಿಸುವುದು ಸ್ಪ್ರಿಂಗಿನ ಮೇಲಿನ ರಿಂಗ್ ತಿರುಗಿಸಿ. ಮೊದಲು ಥ್ರೆಡ್‌ನಲ್ಲಿ ಕೂತ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಮರಳು ಇದ್ದಾಗಲೇ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಮೇಲಿನ ಲಾಕ್ ರಿಂಗ್ ಸಡಿಲ ಮಾಡಿ, ಕೆಳಗಿನದನ್ನು ಸಿ ಸ್ಪಾನರ್‌ನಲ್ಲಿ ತಿರುಗಿಸಿ. ಚಕ್ರ ನೆಲ ಬಿಟ್ಟಿದ್ದರೆ ಸುಲಭವಾಗಿ ತಿರುಗುತ್ತದೆ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದನ್ನು ಎಲ್ಲ ಕಡೆ ನೋಡುತ್ತೇವೆ, ದಯವಿಟ್ಟು ಬೇಡ, ರಿಂಗಿನ ಹಲ್ಲು ಮುರಿದು ಆಮೇಲೆ ಸ್ಪಾನರೂ ಕೂರುವುದಿಲ್ಲ. ರಿಂಗ್ ಒಂದು ಪೂರ್ತಿ ಸುತ್ತು ತಿರುಗಿದರೆ ಮೋಟೋಕ್ರಾಸ್ ಬೈಕಿನಲ್ಲಿ ಸ್ಯಾಗ್ ಸುಮಾರು 3ರಿಂದ 4 ಮಿಲಿಮೀಟರ್ ಬದಲಾಗುತ್ತದೆ. ಬಿಗಿ ಮಾಡಿದರೆ ಸ್ಯಾಗ್ ಕಡಿಮೆ, ಸಡಿಲ ಮಾಡಿದರೆ ಜಾಸ್ತಿ. ಲಾಕ್ ರಿಂಗ್ ಬಿಗಿ ಮಾಡಿ ಮತ್ತೆ ಅಳೆಯಿರಿ. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ರಿಂಗ್ ಇದ್ದರೆ ಒಂದೊಂದೇ ಮೆಟ್ಟಿಲು ಹೋಗಿ.

ರೈಡರ್ ಸ್ಯಾಗ್ ಸರಿಗೆ ತಂದ ಮೇಲೆ ಸ್ಟ್ಯಾಟಿಕ್ ಸ್ಯಾಗ್ ಇನ್ನೊಂದು ಸಲ ನೋಡಿ, ಸ್ಪ್ರಿಂಗಿನ ಗುಟ್ಟು ಅಲ್ಲೇ ಇರುವುದು. ಸ್ಟ್ಯಾಟಿಕ್ ತುಂಬಾ ಕಡಿಮೆ, 20–25 ಮಾತ್ರ ಬಂದರೆ ಸ್ಪ್ರಿಂಗ್ ನಿಮಗೆ ಮೆತ್ತಗೆ ಆಯಿತು. ತಲೆಕೆಳಗಾದ ಹಾಗೆ ಕೇಳಿಸುತ್ತದೆ, ಆದರೆ ಯೋಚಿಸಿ: ನಿಮ್ಮ ಭಾರ ತಡೆಯಲು ಮೆತ್ತನೆ ಸ್ಪ್ರಿಂಗನ್ನು ರಿಂಗಿನಿಂದ ತುಂಬಾ ಒತ್ತಬೇಕಾಯಿತು, ಹಾಗೆ ಒತ್ತಿಟ್ಟ ಬಲವೇ ಬರಿಯ ಬೈಕನ್ನು ಮೇಲೆ ಎತ್ತಿ ಹಿಡಿದಿದೆ. ಸ್ಟ್ಯಾಟಿಕ್ 45–50 ದಾಟಿದರೆ ಇದಕ್ಕೆ ಉಲ್ಟಾ, ಸ್ಪ್ರಿಂಗ್ ನಿಮಗೆ ಗಟ್ಟಿ. ಈ ಅಂಕಿಗಳು 300 ಟ್ರಾವೆಲ್ ಬೈಕಿನವು.

ನಮ್ಮಲ್ಲಿ ಗಟ್ಟಿ ಸ್ಪ್ರಿಂಗ್ ತೊಂದರೆಯೇ ಜಾಸ್ತಿ ಕಾಣುತ್ತದೆ. ಕೆಟಿಎಂ ತನ್ನ ದೊಡ್ಡ ಎಸ್‌ಎಕ್ಸ್‌ಎಫ್ ಬೈಕುಗಳ ಸ್ಪ್ರಿಂಗನ್ನು 75ರಿಂದ 85 ಕಿಲೋ ತೂಕದ ರೈಡರಿಗೆ ಅಂತ ಇಟ್ಟಿರುತ್ತದೆ. 58 ಕಿಲೋ ಹುಡುಗ ಅದನ್ನು ಓಡಿಸಿದರೆ ಶಾಕ್ ಬೇಕಾದಷ್ಟು ಕೆಳಗೆ ಹೋಗುವುದಿಲ್ಲ, ಅವನು "ಶಾಕ್ ಗಟ್ಟಿ, ಎಣ್ಣೆ ಬದಲಿಸಿ" ಅಂತ ದುಡ್ಡು ಸುರಿಯುತ್ತಾನೆ. ಅವನಿಗೆ ಬೇಕಿರುವುದು ಒಂದು ಮೆತ್ತನೆ ಸ್ಪ್ರಿಂಗ್ ಅಷ್ಟೇ. ಸ್ಪ್ರಿಂಗಿನ ಗಟ್ಟಿತನದ ಅಂಕಿ ಬಹಳಷ್ಟು ಸಲ ಸ್ಪ್ರಿಂಗಿನ ಮೇಲೇ ಬರೆದಿರುತ್ತದೆ, 5.2 ಅಥವಾ 52 ಅಂತ. ಅದನ್ನೂ ಬರೆದಿಟ್ಟುಕೊಳ್ಳಿ. ಸ್ಯಾಗ್ ಜಾಸ್ತಿ ಮಾಡಲು ರಿಂಗ್ ಸಡಿಲ ಮಾಡುತ್ತಾ ಹೋಗಿ ಸ್ಪ್ರಿಂಗ್ ಕೈಯಲ್ಲಿ ಅಲುಗುವಷ್ಟು ಆದರೆ ಅಲ್ಲಿಗೆ ನಿಲ್ಲಿಸಿ. ಸಡಿಲ ಸ್ಪ್ರಿಂಗ್ ಇಟ್ಟುಕೊಂಡು ಓಡಿಸುವ ಹಾಗಿಲ್ಲ.

"ಉಬ್ಬು ಹಾರಿದ ಮೇಲೆ ಹಿಂಬದಿ ಎತ್ತಿ ಒಗೆಯುತ್ತದೆ"

ಈಗ ಕ್ಲಿಕ್ಕರ್ ಸರದಿ. ಶಾಕಿನ ಕೆಳ ತುದಿಯಲ್ಲಿ ಇರುವುದು ರಿಬೌಂಡ್, ಅಂದರೆ ಒತ್ತಿದ ಶಾಕ್ ಎಷ್ಟು ಬೇಗ ವಾಪಸ್ ಬರಬೇಕು ಅನ್ನುವುದು. ಮೇಲೆ ಡಬ್ಬಿಯ ಹತ್ತಿರ ಇರುವುದು ಕಂಪ್ರೆಷನ್, ಅಂದರೆ ಶಾಕ್ ಕುಗ್ಗುವಾಗ ಎಷ್ಟು ತಡೆಯಬೇಕು ಅನ್ನುವುದು. ನಿಮ್ಮ ಶಾಕಿನಲ್ಲಿ ಎರಡೂ ಇಲ್ಲದೆ ಇರಬಹುದು, ಆಗ ಸ್ಯಾಗ್ ಮತ್ತು ಸ್ಪ್ರಿಂಗ್‌ನಲ್ಲೇ ಕೆಲಸ ಮುಗಿಸಬೇಕು.

ಏನೂ ಮುಟ್ಟುವ ಮೊದಲು ಸ್ಕ್ರೂವನ್ನು ಗಡಿಯಾರದ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ, ಕ್ಲಿಕ್ ಎಣಿಸುತ್ತಾ, ನಿಲ್ಲುವವರೆಗೆ ಹೋಗಿ. ನಿಂತ ಮೇಲೆ ಒತ್ತಬೇಡಿ, ಒಳಗಿನ ಸೂಜಿ ಕೆಡುತ್ತದೆ. ಅಂಕಿ ಬರೆದು, ಅಷ್ಟೇ ಕ್ಲಿಕ್ ವಾಪಸ್ ತಿರುಗಿಸಿ. ಇದು ನಿಮ್ಮ ಹಳೆಯ ಜಾಗ, ಯಾವಾಗ ಬೇಕಾದರೂ ಇಲ್ಲಿಗೆ ಮರಳಬಹುದು.

ಒಂದೇ ಉಬ್ಬಿಗೆ ಹಿಂಬದಿ ಮೇಲಕ್ಕೆ ಹಾರಿದರೆ ರಿಬೌಂಡ್ ತುಂಬಾ ಬೇಗ. ಗಡಿಯಾರದ ದಿಕ್ಕಿಗೆ ಎರಡು ಕ್ಲಿಕ್ ಹಾಕಿ ಅದೇ ಜಾಗದಲ್ಲಿ ಮತ್ತೆ ಓಡಿಸಿ. ಮೊದಲ ಉಬ್ಬಿಗೆ ಚೆನ್ನಾಗಿದ್ದು ಸಾಲು ಉಬ್ಬಿನಲ್ಲಿ ಮೂರನೆಯದು ನಾಲ್ಕನೆಯದಕ್ಕೆ ಬಂದಾಗ ಬಡಿಯಲು ಶುರುವಾದರೆ ಕಥೆ ಪೂರ್ತಿ ಉಲ್ಟಾ. ರಿಬೌಂಡ್ ನಿಧಾನ, ಶಾಕ್ ಒಂದು ಉಬ್ಬಿನಿಂದ ಎದ್ದೇಳುವ ಮೊದಲೇ ಮುಂದಿನದು ಬರುತ್ತದೆ, ಹೀಗೆ ಕುಗ್ಗುತ್ತಾ ಹೋಗಿ ಕೊನೆಗೆ ಟ್ರಾವೆಲೇ ಉಳಿಯುವುದಿಲ್ಲ. ಆಗ ಎರಡು ಕ್ಲಿಕ್ ಬಿಚ್ಚಿ. ಈ ಎರಡನ್ನೂ ಜನ "ಒದೆಯುತ್ತದೆ" ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ, ಹಾಗಾಗಿ ಎಷ್ಟನೇ ಉಬ್ಬಿಗೆ ಅಂತ ಗಮನಿಸಲೇಬೇಕು.

ಮನೆ ಅಂಗಳದ ಪರೀಕ್ಷೆ: ಸೀಟನ್ನು ಜೋರಾಗಿ ಒತ್ತಿ ತಟ್ಟನೆ ಬಿಡಿ. ಎದ್ದು ಒಂದೇ ಸಲಕ್ಕೆ ನಿಲ್ಲಬೇಕು. ಮೇಲೆ ಹೋಗಿ ಮತ್ತೆ ಕುಣಿದರೆ ಬೇಗ, ತೆವಳುತ್ತಾ ಎದ್ದರೆ ನಿಧಾನ. ಇದು ಅಂದಾಜು ಅಷ್ಟೇ, ನಿಜವಾದ ಉತ್ತರ ಹಾದಿಯಲ್ಲೇ ಸಿಗುವುದು. ಹತ್ತು ನಿಮಿಷ ಓಡಿಸಿ ಶಾಕ್ ಬಿಸಿ ಆದ ಮೇಲೆ ತೀರ್ಮಾನ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ರಿಬೌಂಡ್ ಬೇಗ ಆಗುತ್ತದೆ, ಅದಕ್ಕೇ ಸ್ಯಾಗ್ ಮೊದಲು ಅಂದಿದ್ದು.

ರಿಜಿಸ್ಟ್ರೇಷನ್ ಇಲ್ಲದ ಮೋಟೋಕ್ರಾಸ್ ಬೈಕನ್ನು ಪರೀಕ್ಷೆಗೆ ಅಂತ ರಸ್ತೆಗೆ ಇಳಿಸಬೇಡಿ. ಸ್ವಂತ ಜಾಗ, ಇಲ್ಲವೇ ಕೋಲಾರದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಂಥ ಟ್ರ್ಯಾಕ್ ಹುಡುಕಿ. ಅಲ್ಲಿ ಅದೇ ಉಬ್ಬು, ಅದೇ ತಿರುವು ಮತ್ತೆ ಮತ್ತೆ ಸಿಗುವುದರಿಂದ ಹೋಲಿಸುವುದೂ ಸುಲಭ.

"ಧಡ್ ಅಂತ ಅಡಿ ತಾಗುತ್ತದೆ"

ನೀವು ಹಾರುವ ಅತಿ ದೊಡ್ಡ ಜಂಪಿನಲ್ಲಿ ಒಮ್ಮೆ ಮೆಲ್ಲಗೆ ತಾಗಿದರೆ ಚಿಂತೆ ಇಲ್ಲ, ಇರುವ ಟ್ರಾವೆಲ್ ಪೂರ್ತಿ ಬಳಕೆ ಆಗುತ್ತಿದೆ ಅಂತ ಅರ್ಥ. ಸಾಧಾರಣ ಹಳ್ಳಕ್ಕೂ ತಾಗಿದರೆ ನೋಡಬೇಕು. ಮೊದಲು ಸ್ಯಾಗ್. ಅದು ಸರಿ ಇದ್ದರೆ ಕಂಪ್ರೆಷನ್. ಕಂಪ್ರೆಷನ್‌ನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಅಂತ ಎರಡು ಇದ್ದರೆ ಅದು ಬೈಕಿನ ವೇಗ ಅಲ್ಲ, ಶಾಕಿನ ರಾಡ್ ಓಡುವ ವೇಗ. ಜಂಪಿನಿಂದ ಚಪ್ಪಟೆ ನೆಲಕ್ಕೆ ಬಿದ್ದಾಗ, ಚೂಪು ಕಲ್ಲಿಗೆ ಹೊಡೆದಾಗ ಹೈ ಸ್ಪೀಡ್ ಕೆಲಸ ಮಾಡುತ್ತದೆ. ಇಳಿದು ಏರುವ ಉದ್ದನೆ ತಗ್ಗಿನಲ್ಲಿ, ಗ್ಯಾಸ್ ಕೊಟ್ಟಾಗ ಹಿಂಬದಿ ಕೂರುವಲ್ಲಿ ಲೋ ಸ್ಪೀಡ್. ಲೋ ಸ್ಪೀಡ್ ಎರಡು ಕ್ಲಿಕ್, ಹೈ ಸ್ಪೀಡ್ ನಟ್ ಕಾಲು ಸುತ್ತು, ಅಷ್ಟಷ್ಟೇ ಹೋಗಿ.

ಅಡಿ ತಾಗುತ್ತದೆ ಅಂತ ಸ್ಪ್ರಿಂಗ್ ರಿಂಗನ್ನು ಬಿಗಿ ಮಾಡುವುದು ಪರಿಹಾರ ಅಲ್ಲ. ಕೊನೆಯಲ್ಲಿ ಸಿಗುವ ಬಲ ಸ್ವಲ್ಪ ಮಾತ್ರ ಹೆಚ್ಚುತ್ತದೆ, ಬೈಕಿನ ಎತ್ತರ ಮಾತ್ರ ಕೆಟ್ಟುಹೋಗುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೆ ಸ್ಪ್ರಿಂಗೇ ಬದಲಿಸಬೇಕು. ರಾಡಿನ ಮೇಲೆ ಇರುವ ರಬ್ಬರ್ ತುಂಡಾಗಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ. ಅದು ಪುಡಿಯಾಗಿದ್ದರೆ ಲೋಹಕ್ಕೆ ಲೋಹ ಹೊಡೆಯುತ್ತಿರುತ್ತದೆ.

"ಮೊದಲ 20 ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ತೇಲುತ್ತದೆ"

ಇದು ನಿಜವಾಗಿಯೂ ಶಾಕಿನ ಒಳಗಿನ ದೋಷ. ಎಣ್ಣೆ ಹಳತಾಗಿದೆ ಅಥವಾ ಗ್ಯಾಸ್ ಇಳಿದಿದೆ. ಗ್ಯಾಸ್ ಒತ್ತಡ ಇಲ್ಲದಿದ್ದರೆ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ತುಂಬಿದ ಎಣ್ಣೆ ತಡೆ ಕೊಡುವುದಿಲ್ಲ, ಉಳಿಯುವುದು ಬರಿಯ ಸ್ಪ್ರಿಂಗ್.

ಖಚಿತ ಮಾಡಿಕೊಳ್ಳಲು ಶಾಕ್ ಬಿಸಿ ಇರುವಾಗಲೇ, ಬೈಕ್ ನಿಲ್ಲಿಸಿ, ರಿಬೌಂಡನ್ನು ಪೂರ್ತಿ ಒಳಗೆ ತಿರುಗಿಸಿ ಸೀಟು ಒತ್ತಿ ಬಿಡಿ. ಆಮೇಲೆ ಪೂರ್ತಿ ಹೊರಗೆ ತಿರುಗಿಸಿ ಮತ್ತೆ ಒತ್ತಿ ಬಿಡಿ. ಎರಡಕ್ಕೂ ಎದ್ದು ಕಾಣುವ ಫರಕು ಇರಬೇಕು. ಎರಡೂ ಒಂದೇ ತರಹ ಕುಣಿದರೆ ಶಾಕ್ ಬಿಚ್ಚುವ ಕಾಲ ಬಂದಿದೆ. ಪರೀಕ್ಷೆ ಆದ ಕೂಡಲೇ ಹಳೆಯ ಅಂಕಿಗೆ ತನ್ನಿ, ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ ಇಟ್ಟುಕೊಂಡು ಓಡಿಸಿದರೆ ಬೀಳುತ್ತೀರಿ. ಜೋರಾಗಿ ಓಡಿಸುವ ಮೋಟೋಕ್ರಾಸ್ ಬೈಕಿಗೆ 40–50 ಗಂಟೆಗೆ ಒಮ್ಮೆ ಶಾಕ್ ಎಣ್ಣೆ ಬದಲಿಸುವುದು ವಾಡಿಕೆ. ಇಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ಮರೆಯುತ್ತಾರೆ.

"ಶಾಕ್ ಮೇಲೆ ಎಣ್ಣೆ ಕಾಣುತ್ತಿದೆ"

ಗಾಬರಿ ಬೇಡ, ಅದು ಚೈನ್ ಲ್ಯೂಬ್ ಹಾರಿದ್ದೂ ಆಗಿರಬಹುದು, ಲಿಂಕೇಜ್ ಗ್ರೀಸ್ ಕರಗಿದ್ದೂ ಆಗಿರಬಹುದು. ಒಣ ಬಟ್ಟೆಯಲ್ಲಿ ರಾಡನ್ನೂ ಸೀಲಿನ ಸುತ್ತಲೂ ಚೆನ್ನಾಗಿ ಒರೆಸಿ. ಹತ್ತು ನಿಮಿಷ ಓಡಿಸಿ ಬಂದು ನೋಡಿ. ರಾಡ್ ಮೇಲೆ ತೆಳ್ಳಗೆ ಪಸೆ ಇದ್ದರೆ ಪರವಾಗಿಲ್ಲ. ಉಂಗುರದ ಹಾಗೆ ಎಣ್ಣೆ ಕಟ್ಟಿದ್ದರೆ, ಹನಿ ಇಳಿದಿದ್ದರೆ, ಒದ್ದೆ ಮಣ್ಣು ಸೀಲಿಗೆ ಅಂಟಿದ್ದರೆ ಸೀಲ್ ಹೋಗಿದೆ. ರಾಡ್ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಕ್ಕುವ ಗೀರು ಇದ್ದರೆ ಹೊಸ ಸೀಲ್ ಹಾಕಿದರೂ ಉಳಿಯುವುದಿಲ್ಲ, ರಾಡ್ ಕೆಲಸವೂ ಸೇರಬೇಕು. ಎಮರಿ ಪೇಪರ್ ತಗೊಂಡು ಉಜ್ಜಲು ಹೋಗಬೇಡಿ.

ಸೋರುವ ಶಾಕ್ ಇಟ್ಟುಕೊಂಡು "ಈ ಭಾನುವಾರ ಒಂದು ಓಡಿಸಿಬಿಡೋಣ" ಅನ್ನುವುದು ಬೇಡ. ಎಣ್ಣೆ ಟಯರಿಗೂ ಹಿಂದಿನ ಡಿಸ್ಕಿಗೂ ಹಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಎಲ್ಲಿ ನಿಲ್ಲಿಸಿ ಶಾಕ್ ಕೆಲಸ ಗೊತ್ತಿರುವವರ ಬಳಿ ಹೋಗಬೇಕು

ಸೀಲ್ ಸೋರಿಕೆ, ಗ್ಯಾಸ್ ಇಳಿದದ್ದು, ರಾಡ್ ಗೀರು ಅಥವಾ ಬಾಗಿದ್ದು, ರಿಬೌಂಡ್ ತಿರುಗಿಸಿದರೂ ಫರಕು ಇಲ್ಲದ್ದು, ಫ್ರೇಮಿನಲ್ಲಿ ಸೀಳು, ಇವು ಮನೆಯ ಕೆಲಸ ಅಲ್ಲ. ಮೆಟ್ಟಿಲು ರಿಂಗ್ ಇರುವ ಶಾಕಿನ ಸ್ಪ್ರಿಂಗ್ ಬಿಚ್ಚುವುದೂ ಅಲ್ಲ. ಥ್ರೆಡ್ ರಿಂಗಿನ ಶಾಕಿನಲ್ಲಿ ರಿಂಗ್ ಪೂರ್ತಿ ಸಡಿಲ ಮಾಡಿದರೆ ಸ್ಪ್ರಿಂಗಿನ ಬಿಗಿ ಹೋಗುತ್ತದೆ, ಆದರೆ ಮೆಟ್ಟಿಲು ರಿಂಗಿನಲ್ಲಿ ಕೊನೆಯ ಮೆಟ್ಟಿಲಲ್ಲೂ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಕಂಪ್ರೆಸರ್ ಟೂಲ್ ಇಲ್ಲದೆ ತೆಗೆದರೆ ಮುಖಕ್ಕೆ ಹಾರುತ್ತದೆ. ಮಾಮೂಲಿ ಗ್ಯಾರೇಜಿನಲ್ಲಿ ನೈಟ್ರೋಜನ್ ತುಂಬಿಸುವ ವ್ಯವಸ್ಥೆ ಇರುವುದಿಲ್ಲ, ಕೊಡುವ ಮೊದಲು ಆ ಒಂದು ಪ್ರಶ್ನೆ ಕೇಳಿ. "ಗಾಳಿ ತುಂಬಿಸಿ ಕೊಡುತ್ತೇವೆ" ಅಂದರೆ ಶಾಕ್ ವಾಪಸ್ ತನ್ನಿ. ಕೆಲವು ಶಾಕ್‌ಗಳು ಬಿಚ್ಚಿ ರಿಪೇರಿ ಮಾಡುವ ಹಾಗೆ ಮಾಡಿಯೇ ಇರುವುದಿಲ್ಲ, ಅಂಥವಕ್ಕೆ ಹೊಸದೇ ದಾರಿ.

ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಗಾರ್ಡು ಬೂಟು ಸೇರಿ ನಿಮ್ಮ ತೂಕ, ಸ್ಟ್ಯಾಟಿಕ್ ಮತ್ತು ರೈಡರ್ ಸ್ಯಾಗ್, ಸ್ಪ್ರಿಂಗಿನ ಅಂಕಿ, ರಿಬೌಂಡ್ ಕಂಪ್ರೆಷನ್ ಕ್ಲಿಕ್ಕುಗಳು, ತೊಂದರೆ ತಣ್ಣಗಿರುವಾಗಲೋ ಬಿಸಿ ಆದ ಮೇಲೋ, ಒಂದೇ ಉಬ್ಬಿಗೋ ಸಾಲು ಉಬ್ಬಿಗೋ. ಇಷ್ಟು ಹೇಳಿದರೆ ಕೆಲಸ ಗೊತ್ತಿರುವವರು ಅರ್ಧ ದೋಷ ಅಲ್ಲೇ ಹೇಳಿಬಿಡುತ್ತಾರೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಶಾಕ್ ವಾಪಸ್ ಬಂದಾಗ ಹಳೆಯ ಸೆಟ್ಟಿಂಗ್ ಹಾಗೇ ಇದೆ ಅಂತ ನಂಬಬೇಡಿ, ಬಿಚ್ಚುವಾಗ ರಿಂಗ್ ಸಡಿಲ ಮಾಡಿರುತ್ತಾರೆ. ಸ್ಯಾಗ್ ಮೊದಲಿನಿಂದ ಅಳೆಯಿರಿ, ಕ್ಲಿಕ್ ಎಣಿಸಿ. ಹೊಸ ಸ್ಪ್ರಿಂಗ್ ಹಾಕಿದ್ದರೆ ಒಂದೆರಡು ಸಲ ಓಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಸ್ವಲ್ಪ ಕೂತಿರುತ್ತದೆ.